ಸರ್ಕಾರಿ ಸಾಲದ ಕಂತು ಕಟ್ಟಲು ಆಗುತ್ತಿಲ್ಲವೇ? ಪಿಂಚಣಿ, ಗೃಹಲಕ್ಷ್ಮಿ ಮೇಲೆ ಮನೆ ನಡೆಸುವವರು ಮಾಡಬೇಕಾದದ್ದು

ನಮ್ಮ ಚಿಗವ್ವ ಹುಬ್ಬಳ್ಳಿಯ ಜನತಾ ಬಜಾರ್ ಹತ್ತಿರ ತಳ್ಳುಗಾಡಿಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ. ಗಂಡ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಸ್ವನಿಧಿ ಯೋಜನೆಯಲ್ಲಿ ಮೊದಲು 10,000 ರೂಪಾಯಿ ತೆಗೆದುಕೊಂಡಳು, ಒಂದು ಕಂತೂ ತಪ್ಪಿಸದೆ ತೀರಿಸಿದಳು. ಆಮೇಲೆ 20,000 ಕೊಟ್ಟರು. ಅದರಲ್ಲಿ ಏಳು ಕಂತು ಕಟ್ಟಿದ್ದಳು. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿಯಿತು. ಗಾಡಿ ಗೋಡೆಗೆ ಒರಗಿತು. ಮನೆಗೆ ಬರುತ್ತಿದ್ದದ್ದು ವಿಧವಾ ವೇತನದ 800, ಗೃಹಲಕ್ಷ್ಮಿಯ 2,000, ಅಷ್ಟೇ.

ಎರಡು ಕಂತು ತಪ್ಪಿತು. ಮೂರನೇ ತಿಂಗಳು ಗೃಹಲಕ್ಷ್ಮಿ ರೊಕ್ಕ ಜಮಾ ಆದ ಮೆಸೇಜ್ ಬಂತು. ಅದರ ಬೆನ್ನಿಗೇ 1,220 ರೂಪಾಯಿ ಕಡಿತ ಆದ ಮೆಸೇಜ್. ಚಿಗವ್ವ ಫೋನ್ ನನ್ನ ಕೈಗಿಟ್ಟು ಕೇಳಿದಳು: "ಉಳಿದದ್ದರಾಗ ಎಣ್ಣಿ ತರೂದೋ, ಗುಳಿಗಿ ತರೂದೋ, ನೀನ ಹೇಳು."

ಆಮೇಲೆ ಅವಳ ಜೊತೆ ನಾಲ್ಕು ಸಲ ಬ್ಯಾಂಕಿಗೆ ಹೋದೆ. ಓಣಿಯ ಇನ್ನೂ ಕೆಲವರ ಜೊತೆಗೂ ಹೋದೆ. ಏನು ಮಾಡಿದರೆ ಕೆಲಸ ಆಗುತ್ತದೆ, ಯಾವುದು ಸುಮ್ನೆ ಓಡಾಟ ಅನ್ನೋದು ಹಾಗೆ ಓಡಾಡಿಯೇ ಗೊತ್ತಾಯ್ತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇದೇ ಕಷ್ಟದಲ್ಲಿ ಇರುವವರಿಗೆ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ನಿಮ್ಮ ಸಾಲ ಯಾವುದು?

ನಾವು ಎಲ್ಲದಕ್ಕೂ "ಸರ್ಕಾರದ ಸಾಲ" ಅಂದುಬಿಡುತ್ತೇವೆ. ಆದರೆ ಯಾರ ಹತ್ತಿರ ಹೋಗಿ ಕೇಳಬೇಕು ಅನ್ನೋದು ಸಾಲದ ಹೆಸರಿನ ಮೇಲೆ ನಿಂತಿದೆ.

ಸ್ವನಿಧಿ 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಶುರುವಾದದ್ದು. ಆಗ 10,000, 20,000, 50,000 ಹೀಗೆ ಮೂರು ಹಂತ ಇತ್ತು. 2025ರಲ್ಲಿ ಅದನ್ನು 15,000, 25,000, 50,000 ಮಾಡಿದರು. ರೊಕ್ಕ ಕೊಡುವುದು ಬ್ಯಾಂಕು. ಕಂತು ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ 7ರಷ್ಟನ್ನು ಕೇಂದ್ರ ಸರ್ಕಾರ ಖಾತೆಗೆ ಹಾಕುತ್ತದೆ. ಖಾತೆ ಸುಸ್ತಿಯಾದರೆ ಈ ಸಹಾಯ ನಿಲ್ಲುತ್ತದೆ. ಮುಂದಿನ ಹಂತದ ಸಾಲಕ್ಕೂ ಅಡ್ಡಿ.

ಮುದ್ರಾ 2015ರಿಂದ ಇದೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಬೆಟಗೇರಿಯಲ್ಲಿ ಮಗ್ಗಕ್ಕೆ, ರಾಣೇಬೆನ್ನೂರಲ್ಲಿ ಹೊಲಿಗೆ ಮಷಿನ್‌ಗೆ, ಎಲ್ಲಾ ಕಡೆ ಕಿರಾಣಿ ಅಂಗಡಿಗೆ ತೆಗೆದುಕೊಳ್ಳುವುದು ಜಾಸ್ತಿ ಇದನ್ನೇ. "ಮುದ್ರಾ ಸಾಲ ಸರ್ಕಾರನ ತುಂಬ್ತದ" ಅಂತ ಹೇಳುವವರು ಬಹಳ ಜನ. ಅದನ್ನು ನಂಬಬೇಡಿ. ಸರ್ಕಾರ ಗ್ಯಾರಂಟಿ ಕೊಟ್ಟಿರುವುದು ಬ್ಯಾಂಕಿಗೆ. ಆ ಗ್ಯಾರಂಟಿಯಿಂದ ಬ್ಯಾಂಕಿಗೆ ರೊಕ್ಕ ಬಂದರೂ ನಿಮ್ಮ ಹೆಸರಿನ ಸಾಲ ಹಾಗೇ ಇರುತ್ತದೆ.

ಮೂರನೆಯದು ನಿಗಮದ ಸಾಲ. ದೇವರಾಜ ಅರಸು ನಿಗಮ, ಅಂಬೇಡ್ಕರ್ ನಿಗಮ, ಅಲ್ಪಸಂಖ್ಯಾತರ ನಿಗಮ ಇತ್ಯಾದಿ. ನೇರ ಸಾಲ ಆಗಿದ್ದರೆ ಜಿಲ್ಲಾ ನಿಗಮದ ಕಚೇರಿಯಲ್ಲಿ ಮಾತಾಡಬೇಕು. ಬ್ಯಾಂಕಿನ ಮೂಲಕ ಬಂದ ಸಾಲವಾದರೆ ಬ್ಯಾಂಕು, ನಿಗಮ ಎರಡೂ ಕಡೆ ಹೋಗಬೇಕು. ಸಹಾಯಧನ ಸೇರಿದ್ದರೆ ಅದು ಸಾಲಕ್ಕೆ ಜಮಾ ಆಗಿದೆಯೋ, ಬ್ಯಾಂಕಿನಲ್ಲಿ ಬೇರೆ ಇಟ್ಟಿದ್ದಾರೋ ಅಂತ ಕೇಳಿ ತಿಳಿದುಕೊಳ್ಳಿ.

ಇನ್ನು ವಾರವಾರ ಮನೆ ಮುಂದೆ ಬಂದು ವಸೂಲಿ ಮಾಡುವ "ಸಂಘದ ಸಾಲ". ಅದು ಬಹುತೇಕ ಖಾಸಗಿ ಮೈಕ್ರೋಫೈನಾನ್ಸ್. ಸರ್ಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ಲೇಖನದ ಲೆಕ್ಕದಲ್ಲಿ ಅದನ್ನು ಬೇರೆ ಇಡಿ.

ಹೆಸರು ಖಾತ್ರಿ ಇಲ್ಲವಾ? ಪಾಸ್‌ಬುಕ್, ಆಧಾರ್ ತೆಗೆದುಕೊಂಡು ಶಾಖೆಗೆ ಹೋಗಿ, ಸಾಲದ ಖಾತೆಯ ಸ್ಟೇಟ್‌ಮೆಂಟ್ ಮತ್ತು ಮಂಜೂರಾತಿ ಪತ್ರದ ನಕಲು ಕೇಳಿ. ಉಳಿತಾಯ ಖಾತೆಯ ಪಾಸ್‌ಬುಕ್‌ನಲ್ಲಿ ಸಾಲದ ಪೂರಾ ಲೆಕ್ಕ ಸಿಗುವುದಿಲ್ಲ. ಕೆವಿಜಿ (ಕರ್ನಾಟಕ ವಿಕಾಸ ಗ್ರಾಮೀಣ) ಬ್ಯಾಂಕಿನಲ್ಲಿ ಸಾಲ ಮಾಡಿದವರು ಗಾಬರಿಯಾಗಬೇಡಿ. 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಬೋರ್ಡು ಬದಲಾಗಿದೆ, ಸಾಲ ಅದೇ.

ಎಷ್ಟು ದಿನ ಆಯ್ತು ಅಂತ ಎಣಿಸಿ

ಇದು ಎಲ್ಲಕ್ಕಿಂತ ಮುಖ್ಯ. ಕಂತು ತಪ್ಪಿದ ದಿನದಿಂದ ಬ್ಯಾಂಕಿನ ಕಂಪ್ಯೂಟರ್ ದಿನ ಎಣಿಸುತ್ತದೆ. 30 ದಿನದವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅಂತ ಆಗುತ್ತದೆ. ಎನ್‌ಪಿಎ ಆದ ಮೇಲೆ ಮ್ಯಾನೇಜರ್ ಕೈಯಲ್ಲಿ ಆಗುವ ಕೆಲಸ ಕಡಿಮೆ ಆಗುತ್ತದೆ. ಕಡತ ಮೇಲಿನ ಕಚೇರಿಗೆ ಹೋಗುತ್ತದೆ, ವಸೂಲಿಯವರು ಬರುತ್ತಾರೆ.

ಜನ ಮಾಡುವ ದೊಡ್ಡ ತಪ್ಪು ಇಲ್ಲೇ ಇದೆ. ನಾಚಿಕೆಯಿಂದ ಬ್ಯಾಂಕಿನ ರಸ್ತೆಯನ್ನೇ ಬಿಟ್ಟು ಓಡಾಡುತ್ತಾರೆ. ಫೋನ್ ಎತ್ತುವುದಿಲ್ಲ. "ರೊಕ್ಕ ಕೂಡಿಸಿಕೊಂಡ ಹೋದ್ರಾತು" ಅಂತ ನಾಲ್ಕು ತಿಂಗಳು ಕಳೆಯುತ್ತಾರೆ. ಚಿಗವ್ವನೂ ಹಾಗೇ ಮಾಡಿದ್ದಳು. ದಯವಿಟ್ಟು ಕೈಯಲ್ಲಿ ರೊಕ್ಕ ಇಲ್ಲದಿದ್ದಾಗಲೇ ಹೋಗಿ. ಮೊದಲ ಕಂತು ತಪ್ಪುವ ಮುಂಚೆಯೇ ಹೋದರೆ ಇನ್ನೂ ಒಳ್ಳೆಯದು. ಕಾಲು ಮುರಿದವಳು ಬ್ಯಾಂಕಿಗೆ ಬಂದು ಹೇಳಿದರೆ ಯಾರೂ ಕಳ್ಳಿ ಅನ್ನುವುದಿಲ್ಲ.

ಒಂದು ಹಾಳೆಯಲ್ಲಿ ಮನೆ ಲೆಕ್ಕ

ಬ್ಯಾಂಕಿಗೆ ಹೋಗುವ ಹಿಂದಿನ ರಾತ್ರಿ ನಾನೂ ಚಿಗವ್ವನೂ ಕೂತು ಬರೆದೆವು. ಬರುವುದು: 800, 2,000. ಹೋಗುವುದು: ಮನೆ ಬಾಡಿಗೆ, ಸಿಲಿಂಡರ್, ಎಣ್ಣೆ, ಬೇಳೆ, ಬಿಪಿ ಗುಳಿಗೆ, ಮೊಮ್ಮಗಳ ನೋಟ್‌ಬುಕ್. ರೇಷನ್ ಅಕ್ಕಿ ಬರುವುದರಿಂದ ಅಕ್ಕಿಗೆ ಖರ್ಚಿಲ್ಲ. ಎಲ್ಲಾ ಕಳೆದ ಮೇಲೆ ಏನೂ ಉಳಿಯಲಿಲ್ಲ. ಊರಲ್ಲಿರುವ ಮಗ ತಿಂಗಳಿಗೆ 500 ಕಳಿಸುತ್ತೇನೆ ಅಂದಿದ್ದ. ಹಾಗಾದರೆ ಈಗ ಕಟ್ಟಲು ಆಗುವುದು 500, ಗಾಡಿ ಮತ್ತೆ ಶುರುವಾದ ಮೇಲೆ ಸ್ವಲ್ಪ ಜಾಸ್ತಿ.

ಈ ಹಾಳೆ ಬಹಳ ಕೆಲಸ ಮಾಡುತ್ತದೆ. "ಕಟ್ಟಾಕ ಆಗೂದಿಲ್ರಿ" ಅನ್ನುವುದಕ್ಕೂ "ತಿಂಗಳಿಗೆ 500 ಕಟ್ತೀನಿ, ಇಲ್ಲಿ ಲೆಕ್ಕ ಐತಿ ನೋಡ್ರಿ" ಅನ್ನುವುದಕ್ಕೂ ಮ್ಯಾನೇಜರ್ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ. ಆಸೆಗೆ ಬಿದ್ದು ದೊಡ್ಡ ಅಂಕಿ ಬರೆಯಬೇಡಿ. ಒಪ್ಪಿಕೊಂಡು ಎರಡನೇ ತಿಂಗಳೇ ತಪ್ಪಿದರೆ ಮೊದಲಿಗಿಂತ ಕಷ್ಟ. ಊಟ, ಔಷಧ, ಬಾಡಿಗೆ, ಕರೆಂಟು ಮೊದಲು. ಉಳಿದದ್ದರಲ್ಲಿ ಕಂತು.

ದುಡಿಮೆ ಸೀಜನ್ ಮೇಲೆ ಇರುವವರು ಅದನ್ನೂ ಬರೆಯಿರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಬೇಸಿಗೆಯ ಮಾರ್ಕೆಟ್ ಜೋರಿದ್ದಾಗ ಕೂಲಿ ಇರುತ್ತದೆ, ಮಳೆಗಾಲದಲ್ಲಿ ಕಡಿಮೆ. ಸೀಜನ್‌ನಲ್ಲಿ ದೊಡ್ಡ ಕಂತು, ಉಳಿದ ತಿಂಗಳು ಸಣ್ಣ ಕಂತು ಅಂತ ಕೇಳಬಹುದು. ಕೇಳದೆ ಯಾರೂ ಕೊಡುವುದಿಲ್ಲ.

ಬಾಯಿಮಾತು ಬೇಡ, ಅರ್ಜಿ ಕೊಡಿ

ಮೊದಲ ಸಲ ನಾವು ಹೋದಾಗ ಬರೀ ಮಾತಾಡಿ ಬಂದೆವು. ಕೌಂಟರಿನಲ್ಲಿದ್ದವರು "ಆತು, ನೋಡ್ತೀವಿ" ಅಂದರು. ವಾರ ಬಿಟ್ಟು ಹೋದರೆ ಆ ಕುರ್ಚಿಯಲ್ಲಿ ಬೇರೆಯವರು. ನಾವು ಬಂದಿದ್ದಕ್ಕೆ ಗುರುತೇ ಇಲ್ಲ. ಎರಡನೇ ಸಲ ಅರ್ಜಿ ಬರೆದುಕೊಂಡು ಹೋದೆವು. ಹೀಗೆ ಬರೆದರೆ ಸಾಕು:

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕ್, ಶಾಖೆಯ ಹೆಸರು)

ವಿಷಯ: ಸಾಲದ ಖಾತೆ ಸಂಖ್ಯೆ ______ ಇದರ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿಕೊಡಲು ಮನವಿ.

ಮಾನ್ಯರೇ,
ನಾನು ನಿಮ್ಮ ಶಾಖೆಯಲ್ಲಿ ______ ಯೋಜನೆಯಡಿ ______ ರೂಪಾಯಿ ಸಾಲ ಪಡೆದಿದ್ದೇನೆ. ಇದುವರೆಗೆ ______ ಕಂತು ಕಟ್ಟಿದ್ದೇನೆ. ದಿನಾಂಕ ______ ರಂದು ಕಾಲು ಮುರಿದು (ಅಥವಾ ನಿಮ್ಮ ಕಾರಣ) ದುಡಿಮೆ ನಿಂತಿದೆ. ಈಗ ವಿಧವಾ ವೇತನ ಮತ್ತು ಗೃಹಲಕ್ಷ್ಮಿ ಹಣ ಬಿಟ್ಟರೆ ನನಗೆ ಬೇರೆ ಆದಾಯವಿಲ್ಲ. ಸಾಲ ತೀರಿಸುವ ಮನಸ್ಸು ಇದೆ. ಸದ್ಯ ತಿಂಗಳಿಗೆ ______ ರೂಪಾಯಿ ಕಟ್ಟಬಲ್ಲೆ. ಆದ್ದರಿಂದ ಸಾಲದ ಅವಧಿಯನ್ನು ______ ತಿಂಗಳಿಗೆ ಮರುಹೊಂದಾಣಿಕೆ ಮಾಡಿಕೊಡಬೇಕು. ನನ್ನ ಪಿಂಚಣಿ ಮತ್ತು ಗೃಹಲಕ್ಷ್ಮಿ ಹಣ ಜೀವನಕ್ಕೆ ಬೇಕಾಗಿರುವುದರಿಂದ ಅದನ್ನು ಸಾಲಕ್ಕೆ ಕಡಿತ ಮಾಡಬಾರದು, ಖಾತೆಯನ್ನು ಹೋಲ್ಡ್ ಮಾಡಬಾರದು ಎಂದು ಕೋರುತ್ತೇನೆ. ಈ ಅರ್ಜಿಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ.

ಲಗತ್ತು: ಆಸ್ಪತ್ರೆ ಚೀಟಿ, ಮನೆ ಖರ್ಚಿನ ಲೆಕ್ಕ, ಪಾಸ್‌ಬುಕ್ ನಕಲು.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು, ಸಹಿ, ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಜಗಳ ಬೇಡ. ಸೀದಾ ಅಂಚೆ ಕಚೇರಿಗೆ ಹೋಗಿ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದೆ ಎಲ್ಲಿ ದೂರು ಕೊಟ್ಟರೂ ಮೊದಲು ಕೇಳುವುದು ಈ ಕಾಗದವನ್ನೇ. ಬರೆಯಲು ಬಾರದವರು ಯಾರಿಂದಲಾದರೂ ಬರೆಸಿ ಹೆಬ್ಬೆಟ್ಟು ಒತ್ತಿ, ಒಬ್ಬರ ಸಾಕ್ಷಿ ಸಹಿ ಹಾಕಿಸಿ.

ಮ್ಯಾನೇಜರ್ ಎದುರು ಕೂತಾಗ

ಮೂರನೇ ಸಲಕ್ಕೆ ಮ್ಯಾನೇಜರ್ ಒಳಗೆ ಕರೆದರು. "ಯವ್ವಾ, ಒಮ್ಮೆಗೆ ಬಾಕಿ ಕಟ್ಟಿಬಿಡ್ರಿ, ಮುಂದಿಂದು ನೋಡೋಣು" ಅಂದರು. ಚಿಗವ್ವ ಸೆರಗಿನ ಗಂಟು ಬಿಚ್ಚಿ ಮಗ ಕಳಿಸಿದ್ದ 500 ಟೇಬಲ್ ಮೇಲೆ ಇಟ್ಟಳು. "ಇವತ್ತ ಇಷ್ಟು ಐತ್ರಿ ಸಾಹೇಬ್ರ. ಪ್ರತಿ ತಿಂಗಳು ಇಷ್ಟ ಇಡ್ತೀನಿ. ಸಾಯೂದ್ರಾಗ ತೀರಿಸ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕಂಪ್ಯೂಟರ್ ಕಡೆ ತಿರುಗಿದರು.

ಲೆಕ್ಕ ಹೀಗೆ ಬಂತು. ಉಳಿದ ಅಸಲು, ಬಡ್ಡಿ ಸೇರಿ ಸುಮಾರು 11,800. ಬಡ್ಡಿ ವರ್ಷಕ್ಕೆ ಶೇ 12. ಇದನ್ನು 24 ತಿಂಗಳಿಗೆ ಹಂಚಿದರೆ ಕಂತು 555ರ ಆಸುಪಾಸು. ಮೊದಲಿದ್ದದ್ದು 1,220. ಅರ್ಧಕ್ಕಿಂತ ಕಡಿಮೆ ಆಯ್ತು, ನಿಜ. ಆದರೆ ಸಾಲ ಉದ್ದವಾದಷ್ಟು ಬಡ್ಡಿ ಬೆಳೆಯುತ್ತದೆ. ಇಲ್ಲಿ ಸುಮಾರು 1,100 ರೂಪಾಯಿ ಜಾಸ್ತಿ ಕಟ್ಟಬೇಕಾಯ್ತು. ಮರುಹೊಂದಾಣಿಕೆ ಮಾಡಿದ್ದು ನಮ್ಮ ಸಾಲದ ಇತಿಹಾಸ ಇಡುವ ಸಿಬಿಲ್ ದಾಖಲೆಯಲ್ಲೂ ಕಾಣುತ್ತದೆ. ಇವೆರಡನ್ನೂ ತಿಳಿದುಕೊಂಡೇ ಒಪ್ಪಿ. ಚಿಗವ್ವನಿಗೆ ಆ 1,100 ದೊಡ್ಡದು ಅನ್ನಿಸಲಿಲ್ಲ. ತಿಂಗಳ ಕೊನೆಗೆ ಎಣ್ಣೆ ಡಬ್ಬಿ ಖಾಲಿ ಆಗದಿರುವುದು ದೊಡ್ಡದಾಗಿತ್ತು.

ಮರುಹೊಂದಾಣಿಕೆ ನಿಮ್ಮ ಹಕ್ಕು ಅಂತ ಹೇಳಲಾರೆ. ಕೊಡುವುದು ಬಿಡುವುದು ಬ್ಯಾಂಕಿನ ತೀರ್ಮಾನ. ಆದರೆ ಕೆಲವು ಪ್ರಶ್ನೆ ಕೇಳುವ ಹಕ್ಕು ನಿಮಗೆ ಪೂರಾ ಇದೆ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು, ಕಂತು ವಾಪಸ್ ಹೋದದ್ದಕ್ಕೆ ಎಷ್ಟು ಹಾಕಿದ್ದೀರಿ ಅಂತ ಒಂದೊಂದಾಗಿ ಕೇಳಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ. ಅದರ ಪ್ರಕಾರ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ. ಬೇರೆ ಶುಲ್ಕವಾಗಿ ಹಾಕಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. "ಈ ದಂಡ ಬಿಟ್ಟುಕೊಡಲು ಆಗುತ್ತದಾ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಖಾಲಿ ಕಾಗದಕ್ಕೆ, ಖಾಲಿ ಚೆಕ್‌ಗೆ ಸಹಿ ಮಾತ್ರ ಹಾಕಬೇಡಿ. ಸಾಲ ತೀರಿಸಲು ಆಗದಿರುವುದು ಅಪರಾಧ ಅಲ್ಲ. ಆದರೆ ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸ್ ಆಗಬಹುದು. ಆಟೋ ಡೆಬಿಟ್ ಬೌನ್ಸ್ ಆದರೂ ಅಂಥದೇ ಕಾನೂನು ಇದೆ. ಹಾಗಾಗಿ ಕಂತು ಬದಲಾದಾಗ ಹಳೆಯ ಆಟೋ ಡೆಬಿಟ್ ರದ್ದು ಮಾಡಿಸಿ, ಹೊಸ ಮೊತ್ತಕ್ಕೆ ಬರೆದುಕೊಡಿ. ಇಲ್ಲವೇ "ಪ್ರತಿ ತಿಂಗಳು ಕೌಂಟರಿನಲ್ಲಿ ಕಟ್ಟುತ್ತೇನೆ" ಅಂತ ಅರ್ಜಿಯಲ್ಲೇ ಸೇರಿಸಿ.

ಪಿಂಚಣಿ ರೊಕ್ಕ ಉಳಿಸಿಕೊಳ್ಳುವುದು

ಬಹಳ ಜನರ ಗೋಳು ಇದೇ. ಸಾಲವೂ ಅದೇ ಬ್ಯಾಂಕಿನಲ್ಲಿ, ಪಿಂಚಣಿ ಬರುವುದೂ ಅದೇ ಖಾತೆಗೆ. ಸಾಲದ ಕರಾರಿಗೆ ಸಹಿ ಹಾಕುವಾಗ "ನಿಮ್ಮ ಬೇರೆ ಖಾತೆಯ ಹಣ ಹೊಂದಿಸಿಕೊಳ್ಳಬಹುದು" ಅನ್ನುವ ಸಾಲೂ ಅದರಲ್ಲಿ ಇರುತ್ತದೆ. ಬ್ಯಾಂಕಿನವರು ಅದನ್ನು ತೋರಿಸುತ್ತಾರೆ. ಹಾಗಂತ ಮಾತು ಅಲ್ಲಿಗೇ ಮುಗಿಯುವುದಿಲ್ಲ. 2024ರಲ್ಲಿ ರೈತರಿಗೆ ಬರ ಪರಿಹಾರ ಬಂದಾಗ ಅದನ್ನು ಸಾಲಕ್ಕೆ ಹೊಂದಿಸಬೇಡಿ ಅಂತ ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಬದುಕಲಿಕ್ಕೆ ಕೊಟ್ಟ ರೊಕ್ಕ ಬದುಕಿಗೇ ಹೋಗಬೇಕು ಅನ್ನುವ ಮಾತು ಅಧಿಕಾರಿಗಳಿಗೂ ಅರ್ಥ ಆಗುತ್ತದೆ. ಅದನ್ನು ಧೈರ್ಯವಾಗಿ ಹೇಳಿ.

ಮಾಡಬೇಕಾದ ಕೆಲಸ ಎರಡು. ಈಗಾಗಲೇ ಕಡಿತ ಆಗಿದ್ದರೆ, ಖಾತೆ ಹೋಲ್ಡ್ ಆಗಿದ್ದರೆ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ಯಾವ ತಾರೀಖಿಗೆ ಯಾವ ಯೋಜನೆಯ ಎಷ್ಟು ರೊಕ್ಕ ಬಂದಿತ್ತು ಅಂತ ಗುರುತು ಹಾಕಿ ಮ್ಯಾನೇಜರ್‌ಗೆ ಬರೆದುಕೊಡಿ. ಚಿಗವ್ವನ 1,220 ವಾಪಸ್ ಬರಲಿಲ್ಲ, ಅದನ್ನು ಹಳೇ ಕಂತಿಗೆ ಹಾಕಿಬಿಟ್ಟಿದ್ದರು. ಆದರೆ ಅರ್ಜಿ ಕೊಟ್ಟ ಮೇಲೆ ಮುಂದಿನ ತಿಂಗಳು ಕೈ ಹಾಕಲಿಲ್ಲ.

ಎರಡನೆಯದು, ಪಿಂಚಣಿಗೆ ಬೇರೆ ಖಾತೆ ಮಾಡಿ. ಗೃಹಲಕ್ಷ್ಮಿಯಂಥ ರೊಕ್ಕ ಬರುವುದು ಆಧಾರ್‌ಗೆ ಜೋಡಿಸಿದ ಖಾತೆಗೆ. ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿಕೊಡಿ ಅಂತ ಕೇಳಿ. ಖಾತೆಯಲ್ಲಿ ಇಂತಿಷ್ಟು ರೊಕ್ಕ ಇಡಲೇಬೇಕು ಅನ್ನುವ ತೊಂದರೆ ಇಲ್ಲ. ನಡೆಯಲು ಆಗದವರ ಮನೆಗೆ ಪೋಸ್ಟ್‌ಮನ್ ಬಂದೇ ತೆರೆದುಕೊಡುತ್ತಾರೆ, ನಮ್ಮ ಓಣಿಗೂ ಬಂದಿದ್ದರು. ಹೊಸ ಜೋಡಣೆ ಆದ ಕೂಡಲೇ ಹಳೆಯದು ತಾನಾಗಿ ಬಿಡುತ್ತದೆ. ಜೋಡಣೆ ಆಗಿದೆಯೋ ಇಲ್ಲವೋ ಅಂತ ಆಧಾರ್ ವೆಬ್‌ಸೈಟಿನ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ನೋಡಬಹುದು. ವಿಧವಾ ವೇತನ, ಸಂಧ್ಯಾ ಸುರಕ್ಷಾ ಯಾವ ಖಾತೆಗೆ ಬರುತ್ತಿದೆ, ಬದಲಿಸಲು ಬೇರೆ ಅರ್ಜಿ ಬೇಕಾ ಅಂತ ನಾಡಕಚೇರಿಯಲ್ಲಿ ವಿಚಾರಿಸಿ.

ಇದನ್ನು ಬ್ಯಾಂಕಿನಿಂದ ತಪ್ಪಿಸಿಕೊಳ್ಳುವ ದಾರಿ ಅಂತ ಮಾಡಬೇಡಿ. ಖಾತೆ ಬದಲಿಸಿ, ಕಂತು ಕಟ್ಟುವುದನ್ನೂ ಬಿಟ್ಟರೆ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ಒಪ್ಪಿದ 500 ಆಗಲಿ, 300 ಆಗಲಿ, ಅದೇ ತಾರೀಖಿಗೆ ಕಟ್ಟಿ.

ಒಂದು ಹೆದರಿಕೆ ಓಣಿಯಿಂದ ಓಣಿಗೆ ಹರಡಿದೆ: ಸಾಲ ಕಟ್ಟದಿದ್ದರೆ ರೇಷನ್ ಕಾರ್ಡ್ ರದ್ದು, ಪಿಂಚಣಿ ಬಂದ್ ಅಂತ. ಅದು ಸುಳ್ಳು. ಸಾಲ ಬಾಕಿ ಇದೆ ಅಂತ ಪಿಂಚಣಿ ನಿಲ್ಲುವುದಿಲ್ಲ. ಗೃಹಲಕ್ಷ್ಮಿ ನಿಲ್ಲುವುದು ಬೇರೆ ಕಾರಣಕ್ಕೆ: ಮನೆಯೊಡತಿ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಅದು ಸಿಗುವುದಿಲ್ಲ. ದೊಡ್ಡ ಸಾಲ ಮಾಡಿಸಿಕೊಡುತ್ತೇನೆ ಅನ್ನುವ ಏಜೆಂಟರು ನಿಮ್ಮ ಪಾನ್ ಕಾರ್ಡ್ ಇಸಿದುಕೊಂಡು ರಿಟರ್ನ್ ಹಾಕಿಸಿಬಿಟ್ಟರೆ ಇಲ್ಲಿ ತೊಡಕಾಗಬಹುದು. ಪಾನ್ ಕಾರ್ಡ್ ಯಾರ ಕೈಗೂ ಕೊಡಬೇಡಿ.

ಪಾಸ್‌ಬುಕ್‌ನಲ್ಲಿ 436 ಅಥವಾ 20 ಇದೆಯಾ ನೋಡಿ

ಸಾಲ ಮಾಡಿದವರೇ ತೀರಿಕೊಂಡ ಮನೆಗಳಲ್ಲಿ ಇದನ್ನು ನೋಡದೆ ಬಿಟ್ಟವರು ಬಹಳ. ಮೇ, ಜೂನ್ ತಿಂಗಳ ಹತ್ತಿರ 436 ರೂಪಾಯಿ ಕಡಿತ ಆಗಿದ್ದರೆ ಅದು ಜೀವನ ಜ್ಯೋತಿ ವಿಮೆ. ತೀರಿಕೊಂಡರೆ 2 ಲಕ್ಷ ಬರುತ್ತದೆ. 20 ರೂಪಾಯಿ ಕಡಿತ ಆಗಿದ್ದರೆ ಸುರಕ್ಷಾ ಅಪಘಾತ ವಿಮೆ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಕಣ್ಣೋ ಶಾಶ್ವತವಾಗಿ ಹೋದರೆ 1 ಲಕ್ಷ. ಚಿಗವ್ವನ ಕಾಲು ಕೂಡಿಕೊಂಡಿತು, ಹಾಗಾಗಿ ಅವಳಿಗೆ ಇದು ಅನ್ವಯಿಸಲಿಲ್ಲ. ಆದರೆ ನಿಮ್ಮ ಮನೆಯಲ್ಲಿ ಗಂಡ ಮಾಡಿದ ಸಾಲ ಹೆಂಡತಿ ತೀರಿಸುತ್ತಿದ್ದರೆ ಇವತ್ತೇ ಪಾಸ್‌ಬುಕ್ ತೆಗೆದು ನೋಡಿ. ಕ್ಲೇಮ್ ಅರ್ಜಿ ಅದೇ ಬ್ಯಾಂಕಿನಲ್ಲಿ ಕೊಡಬೇಕು. ತಡ ಮಾಡಬೇಡಿ.

ವಸೂಲಿಗೆ ಬಂದವರು ಹೆದರಿಸಿದರೆ

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಅಕ್ಕಪಕ್ಕದವರ ಎದುರು ಮಾನ ಕಳೆಯುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಬಂದವರ ಗುರುತಿನ ಚೀಟಿ ಕೇಳಿ. ಅವರ ಕೈಗೆ ನಗದು ಕೊಡಬೇಡಿ, "ಬ್ಯಾಂಕಿನಾಗ ಕಟ್ತೀನ್ರಿ" ಅನ್ನಿ. ಬಂದ ತಾರೀಖು, ಹೊತ್ತು, ಆಡಿದ ಮಾತು ಕ್ಯಾಲೆಂಡರ್ ಮೇಲೆ ಬರೆದಿಡಿ.

"ಮನಿ ಜಪ್ತಿ ಮಾಡ್ತೀವಿ" ಅನ್ನುವ ಮಾತು ಬಂದೇ ಬರುತ್ತದೆ. ಸ್ವನಿಧಿ, ಮುದ್ರಾ ಅಡಮಾನ ಇಲ್ಲದೆ ಕೊಡುವ ಸಾಲ. ಸಾಲದಿಂದ ಕೊಂಡ ಮಷಿನ್, ಸರಕಿನ ಮೇಲೆ ಬ್ಯಾಂಕಿಗೆ ಹಕ್ಕು ಇರಬಹುದು. ಮನೆಯ ಮೇಲೆ ಕೈ ಹಾಕಬೇಕಾದರೆ ಕೋರ್ಟಿಗೆ ಹೋಗಿ ಡಿಕ್ರಿ ತರಬೇಕು. ಕೋರ್ಟು ಕೂಡ ಜಪ್ತಿ ಮಾಡಬಾರದ ವಸ್ತುಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿವೆ: ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ. ತಾಳಿ ಬಿಚ್ಚಿ ಕೊಡು ಅನ್ನುವ ಹಕ್ಕು ಯಾರಿಗೂ ಇಲ್ಲ.

ನಿಗಮದ ಸಾಲ ಮಾಡಿದವರು ಮಾತ್ರ ಇಲ್ಲಿ ಎಚ್ಚರ. ಸರ್ಕಾರಿ ಯೋಜನೆಯ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು 1979ರ ರಾಜ್ಯ ಕಾಯ್ದೆ ಇದೆ. ಕಂದಾಯ ಇಲಾಖೆಯಿಂದ ನೋಟಿಸ್ ಬಂದರೆ ಗೂಡಿನಲ್ಲಿ ಮಡಚಿ ಇಡಬೇಡಿ. ಅದರಲ್ಲಿ ಬರೆದ ತಾರೀಖಿನೊಳಗೆ ಹೋಗಿ ಕಂತಿನಲ್ಲಿ ಕಟ್ಟುವ ಮನವಿ ಕೊಡಿ. ಜಾಮೀನು ಹಾಕಿದವರಿಗೂ ನೀವೇ ಮೊದಲು ಹೇಳಿ. ಕಾನೂನಿನಲ್ಲಿ ಅವರೂ ನಿಮ್ಮಷ್ಟೇ ಹೊಣೆಗಾರರು, ನೋಟಿಸ್ ಬಂದ ಮೇಲೆ ಅವರಿಗೆ ಗೊತ್ತಾದರೆ ಸಂಬಂಧವೇ ಕೆಡುತ್ತದೆ.

ಬ್ಯಾಂಕು ಕೇಳದಿದ್ದರೆ

ಸ್ವನಿಧಿ ಸಾಲವಾದರೆ ಮಹಾನಗರ ಪಾಲಿಕೆ ಅಥವಾ ನಗರಸಭೆಯಲ್ಲಿ ಬೀದಿ ವ್ಯಾಪಾರಿಗಳ ಕೆಲಸ ನೋಡುವ ವಿಭಾಗಕ್ಕೆ ಹೋಗಿ. ಸಾಲ ಕೊಡಿಸುವಾಗ ಮುಂದೆ ನಿಂತವರು ಅವರೇ. ಅಲ್ಲಿಂದ ಒಂದು ಫೋನ್ ಹೋದರೂ ಅನುಕೂಲ. ಪ್ರತಿ ಜಿಲ್ಲೆಗೂ ಒಬ್ಬ ಲೀಡ್ ಬ್ಯಾಂಕ್ ಮ್ಯಾನೇಜರ್ ಇರುತ್ತಾರೆ. ಸರ್ಕಾರಿ ಯೋಜನೆಯ ಸಾಲಗಳ ಬಗ್ಗೆ ಎಲ್ಲಾ ಬ್ಯಾಂಕುಗಳ ಜೊತೆ ಮಾತಾಡುವುದು ಅವರ ಕೆಲಸ. ಪಿಂಚಣಿ ಹಣ ಕಡಿತದ ದೂರನ್ನು ಅವರಿಗೂ, ಜಿಲ್ಲಾಧಿಕಾರಿಗೂ ಕೊಡಿ. 1902 ಜನಸ್ಪಂದನ ಸಹಾಯವಾಣಿಯಲ್ಲೂ ದಾಖಲಿಸಬಹುದು.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಒಂದು ಪೈಸೆ ಖರ್ಚಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ. ಸೀಲು ಹಾಕಿಸಿದ ಆ ಅರ್ಜಿಯ ಪ್ರತಿ ಇಲ್ಲಿ ಬೇಕು.

ಕೋರ್ಟ್ ನೋಟಿಸ್ ಬಂದರೆ ತಾಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಲೋಕ ಅದಾಲತ್‌ನಲ್ಲಿ ಬ್ಯಾಂಕಿನವರು ಬಡ್ಡಿಯನ್ನು, ಕೆಲವೊಮ್ಮೆ ಅಸಲಿನ ಒಂದು ಭಾಗವನ್ನೂ ಬಿಟ್ಟು ರಾಜಿ ಮಾಡಿಕೊಳ್ಳುವುದುಂಟು. ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಮೇಲ್ಮನವಿ ಇಲ್ಲ. ಕಟ್ಟಲು ಆಗುವಷ್ಟಕ್ಕೇ ಒಪ್ಪಿ. ಒಮ್ಮೆಗೇ ತೀರುವಳಿ ಮಾಡಿಕೊಂಡರೆ ಸಿಬಿಲ್‌ನಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಅಂತ ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ ಆಗಬಹುದು.

ಇನ್ನೊಂದು ಮಾತು ಕೈ ಮುಗಿದು ಹೇಳುತ್ತೇನೆ. ಬ್ಯಾಂಕಿನ ಕಂತು ಕಟ್ಟಲು ಸಂಘದ ಸಾಲ, ಮೀಟರ್ ಬಡ್ಡಿ ತರಬೇಡಿ. ಶೇ 12ರ ಬಡ್ಡಿಯ ಸಾಲ ತೀರಿಸಲು ಅದಕ್ಕಿಂತ ಬಹಳ ದೊಡ್ಡ ಬಡ್ಡಿಗೆ ಬೀಳುತ್ತೀರಿ. ನಮ್ಮ ಓಣಿಯಲ್ಲಿ ಮನೆ ಬಿಟ್ಟು ಹೋದವರು ಬ್ಯಾಂಕಿಗೆ ಹೆದರಿ ಹೋದವರಲ್ಲ, ಈ ಎರಡನೇ ಸಾಲಕ್ಕೆ ಹೆದರಿ ಹೋದವರು. ಈಗಾಗಲೇ ಅದರಲ್ಲಿ ಸಿಕ್ಕಿದ್ದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ನೋಂದಣಿ ಇಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ 2025ರ ರಾಜ್ಯ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಸಾಲ ತೀರಿದ ದಿನ

ಕೊನೆಯ ಕಂತು ಕಟ್ಟಿ ಹಾಗೇ ಮನೆಗೆ ಬರಬೇಡಿ. ಬೇಬಾಕಿ ಪತ್ರ ಕೇಳಿ ಪಡೆಯಿರಿ. ಕೊಟ್ಟಿದ್ದ ಚೆಕ್ ಇದ್ದರೆ ವಾಪಸ್ ಇಸಿದುಕೊಳ್ಳಿ, ಆಟೋ ಡೆಬಿಟ್ ನಿಲ್ಲಿಸಿದ್ದನ್ನು ಖಾತ್ರಿ ಮಾಡಿಕೊಳ್ಳಿ. ಒಂದೆರಡು ತಿಂಗಳ ನಂತರ ಸಿಬಿಲ್ ವರದಿ ತೆಗೆಸಿ ಸಾಲ ಮುಗಿದದ್ದು ದಾಖಲಾಗಿದೆಯಾ ನೋಡಿ. ವರ್ಷಕ್ಕೊಮ್ಮೆ ಅದು ಪುಕ್ಕಟೆ ಸಿಗುತ್ತದೆ.

ಚಿಗವ್ವನದು ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ. ಗಾಡಿ ಮತ್ತೆ ಶುರುವಾಗಿದೆ. ನಿಲ್ಲಲು ಆಗದ್ದಕ್ಕೆ ಒಂದು ಸ್ಟೂಲ್ ಹಾಕಿಕೊಂಡು ಕೂತೇ ಮಾರುತ್ತಾಳೆ. ಪ್ರತಿ ತಿಂಗಳು 5ನೇ ತಾರೀಖು ಮಧ್ಯಾಹ್ನ ಗಾಡಿ ಪಕ್ಕದವಳಿಗೆ ಒಪ್ಪಿಸಿ ಬ್ಯಾಂಕಿಗೆ ಹೋಗುತ್ತಾಳೆ. ಕಟ್ಟಿದ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೀಲು ಬಿದ್ದ ಆ ಅರ್ಜಿಯ ಜೊತೆ ಜೋಳದ ಡಬ್ಬಿಯ ಮೇಲೆ ಇಟ್ಟಿದ್ದಾಳೆ.